ಚರ್ಮವೂ ಸೈರನ್ ಕೂಗುತ್ತದೆ

ನಾನು ನರ್ಸಾಗಿದ್ದವಳು ಎಂದರೆ ಜನ ಕಣ್ಣರಳಿಸಿ, "ಯಾವ ವಾರ್ಡು? ಹಾರ್ಟಾ? ಹೆರಿಗೆಯಾ?" ಎಂದು ಕೇಳುತ್ತಾರೆ. "ಚರ್ಮದ್ದು" ಎಂದ ಕೂಡಲೇ ಆ ಕಣ್ಣು ಸಪ್ಪಗಾಗುತ್ತದೆ. "ಓ, ತುರಿಕೆಗೆ ಮುಲಾಮು ಹಚ್ಚೋದು" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಹೊರಗಿನವರು ಅಂದರೆ ಹೋಗಲಿ ಎನ್ನಬಹುದು. ಮೊನ್ನೆ ನನ್ನ ತಂಗಿಯ ಮಗಳೇ ಅಂದಳು. ನರ್ಸಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಚರ್ಮ ವಿಭಾಗಕ್ಕೆ ಹಾಕಿದರೆಂದು ಮುಖ ಊದಿಸಿಕೊಂಡು ಬಂದು, "ದೊಡ್ಡಮ್ಮ, ಅಲ್ಲಿ ಕಲಿಯೋಕೆ ಏನಿದೆ?" ಎಂದಳು. ಕೂತುಕೋ ಮಹರಾಯ್ತಿ, ಹೇಳ್ತೀನಿ ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು. ಓದುವವರು ಸಹಿಸಿಕೊಳ್ಳಬೇಕು.

ನಾನು ದುಡಿದದ್ದು ಕೆಜಿಎಫ್‌ನಲ್ಲಿ, ಉರಿಗಾಂ ಕಡೆಗಿದ್ದ ಒಂದು ಧರ್ಮಾಸ್ಪತ್ರೆಯಲ್ಲಿ. ವಾರಕ್ಕೊಂದು ದಿನ ಬಂಗಾರಪೇಟೆಯಲ್ಲಿ ಕ್ಲಿನಿಕ್ ಇರುತ್ತಿತ್ತು. ಅಲ್ಲೂ ನಾನೇ ಇಲ್ಲೂ ನಾನೇ. ನಮ್ಮ ದೊಡ್ಡ ಡಾಕ್ಟರ ಹೆಸರು ದೇವಸಹಾಯಂ. ನಂದಿದುರ್ಗ ಮೈನಿನ ಲೈನ್ ಮನೆಯಲ್ಲಿ, ಅಂದರೆ ಗಣಿ ಕೂಲಿಗಳ ಸಾಲುಮನೆಯಲ್ಲಿ, ಹುಟ್ಟಿದವರು. ಅವರ ತಂದೆ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರಂತೆ. ಮನೆಮಾತು ತಮಿಳು, ರೋಗಿಗಳ ಜೊತೆ ಕನ್ನಡ, ಸಿಟ್ಟು ಬಂದಾಗ ತೆಲುಗು. ಸಿಟ್ಟು ಬರುವುದೇ ಅಪರೂಪವಾದ್ದರಿಂದ ಅವರ ತೆಲುಗು ಕೇಳುವ ಭಾಗ್ಯ ನಮಗೆ ಹೆಚ್ಚು ಸಿಗಲಿಲ್ಲ. ಅಂಥ ಮನುಷ್ಯರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗಿಲ್ಲ.

ಅವರು ರೋಗಿಯನ್ನು ನೋಡುವ ರೀತಿಯೇ ಬೇರೆ. ಗಾಯ ನೋಡುವುದಕ್ಕೆ ಮೊದಲು, "ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಈ ಕೈ ಏನೇನು ಮುಟ್ಟುತ್ತೆ, ಹೇಳಿ" ಎನ್ನುವರು. ಆಮೇಲೆ ಮಾತಾಡುವುದೆಲ್ಲ ರೋಗಿ. ಸಿಮೆಂಟು ಕಲೆಸುವವನು, ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಆಫೀಸು ಒರೆಸಿ ಬರುವವಳು, ಹಾಲಿನ ಕ್ಯಾನು ತೊಳೆಯುವವಳು, ಎಲ್ಲರ ದಿನಚರಿಯೂ ಆ ಪುಟ್ಟ ಕೋಣೆಯಲ್ಲಿ ತೆರೆದುಕೊಳ್ಳುತ್ತಿತ್ತು. ಹೊರಗೆ ಸಾಲು ಬೆಳೆಯುತ್ತಿತ್ತು, ನಾನು ಒಳಗೆ ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದೆ. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ನಾನು ಸೇರಿದ ಹೊಸತರಲ್ಲಿ ಅಂತೋಣಿ ತಾತ ಅಂತ ಒಬ್ಬರು ಬಂದರು. ಗಣಿಯಲ್ಲಿ ದುಡಿದು ನಿವೃತ್ತರಾದವರು, ಉರಿಗಾಂ ಲೈನಿನಲ್ಲೇ ಮನೆ. ಎರಡೂ ಪಾದ ಕೆಂಪಗೆ ಊದಿ, ನೀರು ಗುಳ್ಳೆ ಎದ್ದು, ಚರ್ಮ ಸುಲಿಯುತ್ತಿತ್ತು. ಏನು ಮಾಡಿದಿರಿ ಎಂದು ಕೇಳಿದರೆ, ತುರಿಕೆಗೆಂದು ಗಾಯ ತೊಳೆಯುವ ಔಷಧಿಯನ್ನು ನೀರು ಬೆರೆಸದೆ ಬಾಟ್ಲಿಯಿಂದ ನೇರ ಸುರಿದುಕೊಂಡಿದ್ದರು. ಅದೂ ದಿನಾ.

"ಉರೀಲಿಲ್ವಾ ತಾತ?" ಎಂದೆ.

"ಉರೀತಮ್ಮಾ, ನಲ್ಲಾ ಉರೀತು. ಉರೀತಾ ಇದೆ ಅಂದ್ರೆ ಮರುಂದು ವೇಲೆ ಮಾಡ್ತಾ ಇದೆ ಅಂತ ತಾನೆ?" ಎಂದರು ಆತ ಅರ್ಧ ತಮಿಳಿನಲ್ಲಿ, ಬಲು ತೃಪ್ತಿಯಿಂದ. ಉರಿದರೆ ಮದ್ದು ಕೆಲಸ ಮಾಡುತ್ತಿದೆ ಎಂದು ಅವರ ಲೆಕ್ಕ.

ನನಗೆ ಪಿತ್ತ ನೆತ್ತಿಗೇರಿತು. ವಯಸ್ಸಾದವರು ಎಂದು ನೋಡದೆ, ಬುದ್ಧಿ ಬೇಡವೇ, ಕಾಲು ಬೇಯಿಸಿಕೊಂಡು ಬಂದಿದ್ದೀರಲ್ಲ ಎಂದು ಬೈದುಬಿಟ್ಟೆ. ದೊಡ್ಡ ಡಾಕ್ಟರು ನನ್ನನ್ನು ತಡೆಯಲಿಲ್ಲ. ತಾತನಿಗೆ ಒದ್ದೆ ಬಟ್ಟೆಯ ಪಟ್ಟಿ ಕಟ್ಟಿಸಿ ಕಳಿಸಿದ ಮೇಲೆ ನನ್ನನ್ನು ಕೂರಿಸಿಕೊಂಡರು.

"ಸಿಸ್ಟರ್, ನಾನು ಚಿಕ್ಕವನಿದ್ದಾಗ ಮೈನಿನಲ್ಲಿ ಶಿಫ್ಟಿಗೆ ಸೈರನ್ ಕೂಗೋದು. ಆ ಹೊತ್ತು ಎಲ್ಲರಿಗೂ ಗೊತ್ತು. ಹೊತ್ತಲ್ಲದ ಹೊತ್ತಲ್ಲಿ ಕೂಗಿತು ಅಂದ್ರೆ ಮುಗೀತು, ಒಳಗೆ ಅನಾಹುತ ಅಂತ ಅರ್ಥ, ನಮ್ಮಮ್ಮ ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಗಣಿ ಬಾಯಿ ಶಾಫ್ಟಿನ ಕಡೆ ಓಡ್ತಿದ್ಳು. ಇಡೀ ಲೈನೇ ಓಡ್ತಿತ್ತು. ತಾತನ ಕಾಲಲ್ಲಿ ಆಗಿದ್ದೂ ಅದೇ. ಸೈರನ್ ಕೂಗಿದ್ದು ಚರ್ಮದ ಕೋಶ. ಓಡಿಬಂದಿದ್ದು ರಕ್ತದಲ್ಲಿರೋ ಬಿಳಿ ಕಣಗಳು. ಆ ನೂಕುನುಗ್ಗಲನ್ನೇ ನಾವು ಉರಿಯೂತ ಅಂತೀವಿ. ಕೂಗಿ ಕರೆದೋರನ್ನ ಬೈದ್ರೆ ಹೇಗೆ? ಯಾಕೆ ಕೂಗಿದ್ರು ಅಂತ ಕೇಳಬೇಕು."

ನರ್ಸಿಂಗ್ ಶಾಲೆಯಲ್ಲಿ ನಮಗೆ ಚರ್ಮ ಅಂದರೆ ಗೋಡೆ ಎಂದು ಕಲಿಸಿದ್ದರು. ಒಳಗಿನದನ್ನು ಒಳಗೇ ಇಟ್ಟು ಹೊರಗಿನದನ್ನು ಹೊರಗೇ ತಡೆಯುವ ಗೋಡೆ, ಅಷ್ಟೆ. ಆ ಗೋಡೆಯ ಒಂದೊಂದು ಇಟ್ಟಿಗೆಗೂ ಜೀವವಿದೆ, ಅದು ನೋವನ್ನು ಅರಿತು ಸುದ್ದಿ ಕಳಿಸುತ್ತದೆ ಎಂದು ತಿಳಿದದ್ದು ಆವತ್ತು. ಚರ್ಮದ ಮೇಲ್ಪದರದ ಕೋಶಗಳು ತಮ್ಮ ಹೊಟ್ಟೆಯೊಳಗೆ ಎಚ್ಚರಿಕೆಯ ರಾಸಾಯನಿಕವನ್ನು ಮೊದಲೇ ತುಂಬಿಟ್ಟುಕೊಂಡಿರುತ್ತವೆ. ಖಾರ ಸೋಪು, ಸುಣ್ಣ, ಬ್ಲೀಚಿಂಗ್ ಪೌಡರು, ಸಿಮೆಂಟು ಇಂಥದ್ದೇನಾದರೂ ಕೋಶವನ್ನು ಹರಿದರೆ ಆ ಎಚ್ಚರಿಕೆ ಹೊರಗೆ ಚೆಲ್ಲುತ್ತದೆ. ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿ ಅದೂ ಕೂಗು ಹಾಕುತ್ತದೆ. ರಕ್ತನಾಳ ಹಿಗ್ಗುತ್ತದೆ, ಚರ್ಮ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ. ಇಷ್ಟೆಲ್ಲ ನಡೆಯುವುದಕ್ಕೆ ಆ ಸೋಪು ಸುಣ್ಣಗಳ ಪರಿಚಯ ಮೈಗೆ ಮೊದಲೇ ಇರಬೇಕಾಗಿಲ್ಲ.

"ಹಾಗಾದ್ರೆ ಅಲರ್ಜಿ ಅಂದ್ರೆ?" ಎಂದು ಕೇಳಿದೆ.

"ಅದು ಹಳೇ ದ್ವೇಷ ಸಿಸ್ಟರ್. ಯಾವತ್ತೋ ಮೈಗೆ ಅದರ ಪರಿಚಯ ಆಗಿ ಮನಸ್ಸಲ್ಲಿ ಇಟ್ಕೊಂಡಿರುತ್ತೆ. ಆಮೇಲೆ ಒಂದು ತೊಟ್ಟು ಕಂಡ್ರೂ ಸಾಕು, ಜಗಳಕ್ಕೆ ನಿಲ್ಲುತ್ತೆ. ಆ ದ್ವೇಷ ಹೋಗೋದು ಕಷ್ಟ. ಇದು ಹಾಗಲ್ಲ. ಇದು ಪೆಟ್ಟು. ಪೆಟ್ಟು ನಿಲ್ಲಿಸಿದ್ರೆ ವಾಸಿಯಾಗುತ್ತೆ."

ಹೊಸದಾಗಿ ನರ್ಸಾಗುವ ಹುಡುಗಿಯರೇ, ಈ ಎರಡು ಮಾತನ್ನು ಗಟ್ಟಿ ಮಾಡಿಕೊಳ್ಳಿ. ಪೆಟ್ಟು ಯಾವುದು, ದ್ವೇಷ ಯಾವುದು ಎಂದು ಬೇರೆ ಮಾಡುವುದರಲ್ಲೇ ನಮ್ಮ ಅರ್ಧ ಕೆಲಸ ಇದೆ. ನೋಡುವುದಕ್ಕೆ ಎರಡೂ ಒಂದೇ ಥರ ಕೆಂಪು, ಒಂದೇ ಥರ ತುರಿಕೆ. ಎಂಥೆಂಥವರೂ ಎಡವುತ್ತಾರೆ.

ನಾನು ಸೇರಿದಾಗ ನಮ್ಮ ಕೋಣೆಯಲ್ಲಿ ಇದ್ದದ್ದು ನೇರಳೆ ಬಣ್ಣದ ಔಷಧಿ, ಗುಲಾಬಿ ಬಣ್ಣದ ಲೋಷನ್, ದೊಡ್ಡ ಡಬ್ಬದಲ್ಲಿ ಮುಲಾಮು. ಸಂಜೆ ಹೊತ್ತಿಗೆ ನನ್ನ ಬಿಳಿ ಸೀರೆ ಹೋಳಿ ಆಡಿದಂತಿರುತ್ತಿತ್ತು. ಆಮೇಲಾಮೇಲೆ ಪ್ಯಾಚ್ ಟೆಸ್ಟ್ ಬಂತು. ಅನುಮಾನ ಇರುವ ರಾಸಾಯನಿಕಗಳನ್ನು ಅಳತೆಗೆ ತಕ್ಕಂತೆ ತೆಳುಮಾಡಿ, ಪುಟ್ಟ ಬಿಲ್ಲೆಗಳಲ್ಲಿ ಹಾಕಿ, ಬೆನ್ನಿಗೆ ಅಂಟಿಸಿ ಕಳಿಸುವುದು. ಎರಡು ದಿನ ಬಿಟ್ಟು ತೆಗೆದು, ಚರ್ಮ ಏನು ಹೇಳುತ್ತದೆ ಎಂದು ಓದುವುದು. ಪೆಟ್ಟಿನ ಕೆಂಪಾದರೆ ಬಿಲ್ಲೆ ತೆಗೆದ ಮೇಲೆ ಇಳಿಯುತ್ತಾ ಬರುತ್ತದೆ. ದ್ವೇಷದ ಕೆಂಪು ದಿನ ಕಳೆದಂತೆ ಏರುತ್ತದೆ.

ದೊಡ್ಡ ಡಾಕ್ಟರು ತಲೆ ನರೆತ ಮೇಲೂ ಹೊಸ ಲೇಖನಗಳನ್ನು ತರಿಸಿ ಓದುತ್ತಿದ್ದರು. ಒಂದು ಬೆಳಿಗ್ಗೆ ಕೋಣೆಗೆ ಬಂದವರೇ, "ಸಿಸ್ಟರ್, ನಾವು ಅರ್ಧ ಕಥೆ ಮಾತ್ರ ತಿಳ್ಕೊಂಡಿದ್ವಿ. ಈ ಕೋಶಗಳು ಬರೀ ಕೂಗಲ್ಲ. ಸಾಕು, ಇನ್ನು ವಾಪಸ್ ಹೋಗಿ ಅಂತಲೂ ಹೇಳ್ತಾವೆ! ಬೆಂಕಿ ಆರಿಸೋ ರಾಸಾಯನಿಕಾನೂ ತಾವೇ ಮಾಡ್ತಾವೆ!" ಎಂದರು. ಮೊಮ್ಮಗು ನಡೆಯಲು ಕಲಿತಾಗ ತಾತಂದಿರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಕೈಯಲ್ಲಿದ್ದ ಲೋಟದ ಟೀ ಆರುತ್ತಿತ್ತು. ನನಗೂ ಅದನ್ನು ಕೇಳಿ ರೋಮಾಂಚನವಾಯಿತು. ನಾವು ಉಜ್ಜುತ್ತೇವೆ, ಕೆರೆಯುತ್ತೇವೆ, ಕಂಡದ್ದೆಲ್ಲ ಸುರಿಯುತ್ತೇವೆ. ಚರ್ಮ ತನ್ನ ಪಾಡಿಗೆ ನಮ್ಮನ್ನು ಕಾಯುತ್ತಾ ಕೂತಿದೆಯಲ್ಲ ಎನ್ನಿಸಿತು. ಆ ಸಂತೋಷದಲ್ಲೇ ಅವರು ನನ್ನ ಕೈ ನೋಡಿ, "ಸಿಸ್ಟರ್, ನಿಮ್ಮ ಗೆಣ್ಣು ಒಡೆದಿದೆ" ಎಂದರು. ನಮ್ಮದು ಗಳಿಗೆಗೊಂದು ಸಲ ಕೈ ತೊಳೆಯುವ ಕೆಲಸ. "ಅದಿರಲಿ ಸಾರ್, ಸಾಲು ನೋಡಿ ಎಷ್ಟುದ್ದ ಇದೆ" ಎಂದು ಮುಂದಿನ ರೋಗಿಯನ್ನು ಕರೆದೆ.

ಈಗ ಮುನಿರತ್ನಮ್ಮನ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ಬಾಯಿ ಮುಚ್ಚಿಕೊಂಡು ಕೇಳಿದ್ದು ಇಲ್ಲಿಂದಲೇ.

ಮುನಿರತ್ನಮ್ಮ ಬಂಗಾರಪೇಟೆ ಪಕ್ಕದ ಒಂದು ಹಳ್ಳಿಯವಳು. ರೇಷ್ಮೆ ಹುಳ ಸಾಕುವವಳು. ಗಂಡ ತೀರಿಕೊಂಡ ಮೇಲೆ ಹುಳದ ಮನೆಯನ್ನು ಒಬ್ಬಳೇ ನಿಭಾಯಿಸಿದ ಗಟ್ಟಿಗಿತ್ತಿ. ಸುತ್ತಲಿನವರು, "ರತ್ನಮ್ಮನ ಕೈಗುಣ ಕಣಮ್ಮ, ಅವಳು ಸೊಪ್ಪು ಮುಟ್ಟಿದ್ರೆ ಹುಳ ಕೆಡಲ್ಲ" ಎನ್ನುತ್ತಿದ್ದರಂತೆ. ಅವಳು ಸೊಸೆ ಶ್ವೇತಳ ಜೊತೆ ನಮ್ಮ ಕ್ಲಿನಿಕ್ಕಿಗೆ ಬಂದಾಗ ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂಗೈವರೆಗೆ ಕೆಂಡದ ಬಣ್ಣ. ಬೆರಳ ಸಂದಿಯಲ್ಲಿ ಸೀಳು, ಸೀಳಿನಲ್ಲಿ ರಕ್ತ. ಅಂಗೈ ಮಡಚಲು ಆಗುತ್ತಿರಲಿಲ್ಲ.

ಆ ವಾರ ದೊಡ್ಡ ಡಾಕ್ಟರು ರಜೆಯಲ್ಲಿದ್ದರು. ಅವರ ಕೈಕೆಳಗೆ ಹೊಸದಾಗಿ ಬಂದಿದ್ದ ಡಾಕ್ಟರ್ ನವೀನ್ ನೋಡಿದರು. ಒಳ್ಳೆ ಹುಡುಗ, ಶ್ರದ್ಧೆ ಇತ್ತು. ಸ್ವಲ್ಪ ಅವಸರದ ಮನುಷ್ಯ. ಹುಳದ ಮನೆಯಲ್ಲಿ ಕೈ ತೊಳೆಯುವ ಬ್ಲೀಚಿಂಗ್ ಪೌಡರ್ ನೀರನ್ನು ಶ್ವೇತ ಬಾಟ್ಲಿಯಲ್ಲಿ ತಂದಿದ್ದಳು. ಅವರು ಅದನ್ನು ತೆಳುಮಾಡದೆ ಹಾಗೇ ಬಿಲ್ಲೆಗೆ ಹಾಕಿ ಬೆನ್ನಿಗೆ ಅಂಟಿಸಿದರು. ಎರಡು ದಿನದ ಮೇಲೆ ಉರಿಗಾಂ ಆಸ್ಪತ್ರೆಗೆ ಕರೆಸಿ ತೆಗೆದರೆ ಅಲ್ಲಿ ದಪ್ಪ ಗುಳ್ಳೆ.

"ಅಲರ್ಜಿ. ಈ ಕೆಲಸ ಬಿಡಬೇಕಾಗುತ್ತಮ್ಮ. ಜೀವನ ಪೂರ್ತಿ" ಎಂದರು ನವೀನ್.

ಮುನಿರತ್ನಮ್ಮ ಅಳಲಿಲ್ಲ. ತಲೆ ತಗ್ಗಿಸಿ ಕೂತಳು. ಸೊಸೆ ಹೊರಗೆ ಹೋದದ್ದನ್ನು ನೋಡಿಕೊಂಡು ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಮೇಡಂ, ಉಳದ ಮನೆ ಬಿಟ್ರೆ ನಂಗೇನೈತೆ? ಯಜಮಾನ್ರು ಓದ್ಮೇಲೆ ಆ ಮನೇಲಿ ನನ್ ಮಾತು ನಡೀತಿರೋದು ಈ ಕೈಯಿಂದ. ಕೈ ಓಯ್ತು ಅಂದ್ರೆ ನಾನೂ ಓದಂಗೇಯ. ಮೂಲೇಲಿ ಕೂತು ತುತ್ತು ತಿನ್ನು ಅಂತಾರೆ."

ದೊಡ್ಡ ಡಾಕ್ಟರು ಬರಲಿ, ಇನ್ನೊಂದು ಸಲ ಬಾ ಎಂದು ಕಳಿಸಿದೆ.

ಅವರು ಬಂದು ಬೆನ್ನು ನೋಡಿದರು, ಬಾಟ್ಲಿ ಮೂಸಿದರು. ಮೂಸಿದ ಕೂಡಲೇ ಕೆಮ್ಮಿದರು. ತಮ್ಮ ಅಂಗಿಯ ತೋಳು ಮಡಚಿ ಮೇಲೇರಿಸಿ, "ಸಿಸ್ಟರ್, ಇದೇ ನೀರನ್ನ ನಂಗೊಂದು ಬಿಲ್ಲೆ ಹಾಕಿ" ಎಂದರು. ನನಗೂ ಹಾಕಿ ಸಾರ್ ಎಂದೆ. ನವೀನ್ ನಗುತ್ತಾ ತಾವೂ ತೋಳು ಚಾಚಿದರು. ಮಾರನೆಯ ದಿನ ಮೂವರೂ ಬಿಲ್ಲೆ ಬಿಚ್ಚಿ ತೋಳು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆವು. ಮೂರರಲ್ಲೂ ದುಂಡಗೆ ಕೆಂಪು. ನವೀನ್ ಅವರದಂತೂ ಸುಲಿದೇಹೋಗಿತ್ತು.

"ಹಾಗಾದ್ರೆ ನಮ್ಮ ಮೂರೂ ಜನಕ್ಕೂ ಅಲರ್ಜಿ. ಆಸ್ಪತ್ರೆ ಮುಚ್ಚಿಬಿಡೋಣ" ಎಂದರು ದೊಡ್ಡ ಡಾಕ್ಟರು.

ನವೀನ್ ಹಣೆ ಚಚ್ಚಿಕೊಂಡರು. "ಅರ್ಥ ಆಯ್ತು ಸಾರ್. ಯಾರ ಚರ್ಮ ಆದ್ರೂ ಕೂಗೇ ಕೂಗುತ್ತೆ ಇದಕ್ಕೆ" ಎಂದರು. ಆಮೇಲೆ ತಾವೇ ಕೂತು ಎಲ್ಲವನ್ನೂ ಸರಿಯಾದ ಅಳತೆಯಲ್ಲಿ ತೆಳುಮಾಡಿ, ಮುಂದೆ ಗ್ಲೌಸ್ ಹಾಕಬೇಕಾದೀತೆಂದು ರಬ್ಬರಿನ ಬಿಲ್ಲೆಯನ್ನೂ ಸೇರಿಸಿ, ಮುನಿರತ್ನಮ್ಮನ ಬೆನ್ನಿನ ಗುಳ್ಳೆ ಮಾಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಬೆನ್ನು ತಿಳಿಯಾಗಿತ್ತು. ಯಾವ ದ್ವೇಷವೂ ಇಲ್ಲ, ಬರೀ ಪೆಟ್ಟು. ತಪ್ಪಾದಾಗ ಹೀಗೆ ಸರಿಪಡಿಸಿಕೊಂಡ ಆ ಹುಡುಗನ ಮೇಲೆ ನನಗೆ ಗೌರವ ಬಂತು. ಆತ ಈಗ ಒಳ್ಳೆಯ ಡಾಕ್ಟರೆಂದು ಹೆಸರಾಗಿದ್ದಾರೆ.

ಇಷ್ಟಾದರೂ ಕೈ ವಾಸಿಯಾಗಲಿಲ್ಲ ನೋಡಿ. ಮುಲಾಮು ಕೊಟ್ಟೆವು, ಕೈ ಹಾಗೇ ಇತ್ತು. ಬದಲಾಯಿಸಿ ಕೊಟ್ಟೆವು, ಇನ್ನೂ ಕೆಟ್ಟಿತು. "ಹಚ್ಚಿದ್ಯಾ?" ಎಂದರೆ, "ಅಚ್ಚಿದ್ದೀನಿ ಮೇಡಂ" ಎನ್ನುವಳು. ಆಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ಕ್ಲಿನಿಕ್ಕಿನ ದಿನ ಬೇಗ ಕೆಲಸ ಮುಗಿದಾಗ, ಹೇಗೂ ಹತ್ತಿರದ ಹಳ್ಳಿ, ನೋಡಿಕೊಂಡು ಬರೋಣವೆಂದು ಆಟೋ ಹತ್ತಿದೆ.

ಹುಳದ ಮನೆ ಊರಾಚೆ ಹಿಪ್ಪುನೇರಳೆ ತೋಟದ ಪಕ್ಕ ಇತ್ತು. ಬಾಗಿಲಿಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

"ಅಲ್ಲೇ ನಿಂತ್ಕಳಿ! ತಲೇಲಿ ಮಲ್ಲಿಗೆ ಐತೆ!"

ಮುನಿರತ್ನಮ್ಮ. ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದವಳು ಇಲ್ಲಿ ಪಾಳೆಗಾರ್ತಿ. ಹೂವು ತೆಗೆಸಿದಳು. ಮುಖಕ್ಕೆ ಪೌಡರ್ ಹಾಕಿದ್ದೀರಾ ಎಂದು ಮೂಸಿ ನೋಡಿ, ಸೆರಗಿನಿಂದ ಒರೆಸಿಕೊಳ್ಳಿ ಎಂದಳು. ಎಣ್ಣೆ, ಸೆಂಟು, ಅರಿಶಿನ, ಹೊಗೆಸೊಪ್ಪು ಏನೂ ಒಳಗೆ ಹೋಗುವಂತಿಲ್ಲ. ಹುಳಕ್ಕೆ ಆಗುವುದಿಲ್ಲ. ಕಡೆಗೆ ಬಾಗಿಲ ಬಳಿ ಇಟ್ಟಿದ್ದ ಬೋಗುಣಿ ತೋರಿಸಿ, "ಕೈ ಅದ್ದಿ ಬನ್ನಿ" ಎಂದಳು.

ಅದ್ದಿದೆ. ಅಯ್ಯಪ್ಪಾ! ನನ್ನ ಒಡೆದ ಗೆಣ್ಣುಗಳಿಗೆ ಮೆಣಸಿನಕಾಯಿ ಅರೆದು ಮೆತ್ತಿದಂತಾಯಿತು. ಕಣ್ಣಲ್ಲಿ ನೀರು ಬಂತು. ಬಾಟ್ಲಿಯಲ್ಲಿ ಕಳಿಸಿದ್ದಕ್ಕಿಂತಲೂ ಗಟ್ಟಿ ಇತ್ತು ಈ ನೀರು.

"ಇದ್ಯಾಕಮ್ಮ ಇಷ್ಟು ಖಾರ?"

"ಪಕ್ಕದ ಊರಾಗೆ ಉಳಕ್ಕೆ ರೋಗ ಬಂತು ಮೇಡಂ. ಅದಕ್ಕೇ ಇನ್ನೊಂದು ಇಡಿ ಜಾಸ್ತಿ ಆಕ್ದೆ. ಉರೀತು ಅಂದ್ರೆ ರೋಗ ಸಾಯ್ತದೆ ಅಲ್ವಾ?"

ಅಂತೋಣಿ ತಾತ ನೆನಪಾದರು. ಲೈನ್ ಮನೆಯ ತಮಿಳು ತಾತನಿಗೂ ಈ ಹಳ್ಳಿಯ ಹೆಂಗಸಿಗೂ ಒಂದೇ ಸಿದ್ಧಾಂತ! ಒಳಗೆ ಕಣ್ಣಾಡಿಸಿದೆ. ಗೋಡೆಯ ಗೂಡಿನಲ್ಲಿ ನಾವು ಕೊಟ್ಟ ಮುಲಾಮಿನ ಟ್ಯೂಬುಗಳು ಸಾಲಾಗಿ ನಿಂತಿದ್ದವು, ಒಂದರ ಮುಚ್ಚಳವೂ ಒಡೆದಿರಲಿಲ್ಲ.

"ಹಚ್ಚಿದ್ದೀನಿ ಅಂದ್ಯಲ್ಲೇ!" ಎಂದು ಏಕವಚನಕ್ಕೇ ಇಳಿದೆ.

"ಬೆಳೆ ಇಲ್ದಿದ್ದಾಗ, ಮನೇಲಿ ಉಳ ಇಲ್ದಿದ್ದಾಗ ಅಚ್ತೀನಿ ಮೇಡಂ. ಆ ಜಿಡ್ಡು, ಆ ವಾಸ್ನೆ ಸೊಪ್ಪಿಗೆ ತಾಕಿದ್ರೆ ಉಳ ಬಾಯಿ ತೆರೆಯಲ್ಲ."

"ಬೆಳೆ ಯಾವಾಗ ಇರಲ್ಲ?"

ಅವಳು ಸ್ವಲ್ಪ ಯೋಚಿಸಿದಳು. "ನಮ್ಮನೇಲಿ ಯಾವಾಗ್ಲೂ ಇರ್ತದೆ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಆದರೆ ಒಂದು ಮಾತು ಹೇಳಬೇಕು. ಆ ಹುಳದ ಮನೆ ನಮ್ಮ ಆಪರೇಷನ್ ಕೋಣೆಗಿಂತ ಶುಚಿಯಾಗಿತ್ತು. ತಟ್ಟೆ ತಟ್ಟೆಯಲ್ಲಿ ಹುಳಗಳು ಸೊಪ್ಪು ಮೇಯುತ್ತಿದ್ದವು. ಸಣ್ಣ ಮಳೆ ಬಿದ್ದಂತೆ ಸದ್ದು. ಆ ಜೀವಗಳಿಗೆ ಕೂದಲೆಳೆಯಷ್ಟೂ ನೋವಾಗಬಾರದೆಂದು ತನ್ನ ಕೈಯನ್ನೇ ಸುಟ್ಟುಕೊಳ್ಳುತ್ತಿದ್ದ ಹೆಂಗಸು ಅವಳು. ಅವಳನ್ನು ಮತ್ತೆ ಬೈಯುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ.

ಮುಂದಿನ ವಾರ ಅತ್ತೆ ಸೊಸೆ ಇಬ್ಬರನ್ನೂ ದೊಡ್ಡ ಡಾಕ್ಟರ ಮುಂದೆ ಕೂರಿಸಿದೆ. ಅವರು ಎಲ್ಲ ಕೇಳಿ, ಬ್ಲೀಚಿಂಗ್ ನೀರನ್ನು ರೇಷ್ಮೆ ಇಲಾಖೆಯವರು ಹೇಳಿದ ಅಳತೆಯಲ್ಲೇ ಕಲಸಬೇಕು, ಜಾಸ್ತಿ ಹಾಕಿದರೆ ರೋಗದ ಜೊತೆ ಕೈಯೂ ಸಾಯುತ್ತದೆ ಎಂದರು. ಒಳಗೆ ಹತ್ತಿಯದು, ಮೇಲೆ ರಬ್ಬರಿನದು ಹೀಗೆ ಎರಡು ಗ್ಲೌಸ್ ಹಾಕಿಕೊಂಡು ಗ್ಲೌಸನ್ನೇ ನೀರಿಗೆ ಅದ್ದು, ಚರ್ಮವನ್ನು ಅದ್ದಬೇಡ ಎಂದರು.

ಮುನಿರತ್ನಮ್ಮ ಬೆಚ್ಚಿಬಿದ್ದಳು. "ಗ್ಲೌಸ್ ಆಕ್ಕೊಂಡ್ರೆ ಕೈಗುಣ ಎಲ್ಲಿ ಓಗ್ತದೆ ಸಾಮಿ? ಉಳಕ್ಕೆ ನನ್ ಕೈ ಗೊತ್ತು."

"ಅದು ಆಮೇಲಿನ ಮಾತಮ್ಮ. ಮೊದ್ಲು ಈ ಬೆಳೆ ಪೂರ್ತಿ ನೀನು ಕೈ ಹಾಕೋ ಹಾಗಿಲ್ಲ. ಸೊಸೆ ಮಾಡ್ಲಿ."

ಆಗ ಅವಳ ಮುಖ ನೋಡಬೇಕಿತ್ತು. ಶ್ವೇತ ನೆಲ ನೋಡುತ್ತಾ ಕೂತಿದ್ದಳು. ಮುನಿರತ್ನಮ್ಮ ಸೊಸೆ ಕೇಳಿಸಿಕೊಳ್ಳುತ್ತಾಳೆಂಬುದನ್ನೂ ಮರೆತು ಹೇಳಿಬಿಟ್ಟಳು: "ಅವಳ ಕೈಯಾಗೆ ಬೆಳೆ ಓದ್ರೆ ಮನೆ ಮುಳುಗ್ತದೆ. ಬೆಳೆ ಬಂದ್ರೆ ನಾನು ಮುಳುಗ್ತೀನಿ. ನಾನ್ ಏನ್ ಮಾಡ್ಲಿ ಯೋಳಿ."

ದೊಡ್ಡ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. ಅವಳ ಕೈಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. "ಇಲ್ಲಿ ನೋಡಮ್ಮ. ಈ ಚರ್ಮ ನಿನ್ನ ಶತ್ರು ಅಲ್ಲ. ಇಷ್ಟು ದಿನ ಕೂಗಿ ಕೂಗಿ ಗಂಟಲು ಕಟ್ಟಿದೆ ಅದಕ್ಕೆ. ಕೆಳಗಡೆ ಹೊಸ ಚರ್ಮ ತಯಾರಾಗ್ತಾ ಇದೆ. ನೀನು ಬಿಟ್ರೆ ಸ್ವಲ್ಪ ದಿನಕ್ಕೆ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತೆ. ಮೋಸ ಹೋಗಬೇಡ, ಒಳಗೆ ಇನ್ನೂ ಗಟ್ಟಿಯಾಗಿರಲ್ಲ. ಆಗ ಮತ್ತೆ ಆ ನೀರಿಗೆ ಅದ್ದಿದ್ಯೋ, ಮೊದಲಿಂದ ಶುರು. ಪೂರ್ತಿ ಕೂಡೋವರೆಗೆ ಅದನ್ನ ಅದರ ಪಾಡಿಗೆ ಬಿಡಬೇಕು."

ಮುನಿರತ್ನಮ್ಮ ಅವರನ್ನೇ ದಿಟ್ಟಿಸಿ ನೋಡಿದಳು. "ಅಂದ್ರೆ ನನ್ ಕೈ ಜ್ವರಕ್ಕೆ ಕೂತೈತೆ ಅನ್ನಿ."

ದೊಡ್ಡ ಡಾಕ್ಟರಿಗೆ ಅರ್ಥವಾಗಲಿಲ್ಲ. ಶ್ವೇತ ಮೊದಲ ಸಲ ಬಾಯಿ ಬಿಟ್ಟಳು. "ಉಳ ಚರ್ಮ ಕಳಚೋದಕ್ಕೆ ನಾವು ಜ್ವರ ಅಂತೀವಿ ಸಾರ್. ತಲೆ ಎತ್ಕಂಡು ಅಲ್ಲಾಡ್ದಂಗೆ ಕೂತಿರ್ತವೆ. ಆಗ ಸೊಪ್ಪು ಆಕಂಗಿಲ್ಲ, ಮುಟ್ಟಂಗಿಲ್ಲ."

"ಒಂದೆರಡು ಜ್ವರದಿಂದ ಎದ್ವು ಅಂತ ಸೊಪ್ಪು ಆಕ್ದೆ ಅಂದ್ರೆ ಕೆಡ್ತದೆ" ಎಂದು ಅತ್ತೆ ಸೇರಿಸಿದಳು. "ಎಲ್ಲಾ ಏಳೋಗಂಟ ಕಾಯ್ಬೇಕು. ಅವಸರ ಮಾಡಿದೋಳು ಬೆಳೆ ಕಳ್ಕಂತಾಳೆ."

ದೊಡ್ಡ ಡಾಕ್ಟರು ಎದ್ದೇ ನಿಂತರು. "ಇಷ್ಟು ವರ್ಷ ಇದನ್ನ ಜನಕ್ಕೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ ಸಿಸ್ಟರ್" ಎಂದು ನನ್ನ ಕಡೆ ತಿರುಗಿ ನಕ್ಕರು. ಮುನಿರತ್ನಮ್ಮನೂ ನಕ್ಕಳು. ಅವಳು ನಕ್ಕದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಆ ಬೆಳೆ ಪೂರ್ತಿ ಅವಳು ಹುಳದ ಮನೆಯ ಹೊಸಿಲಾಚೆ ಸ್ಟೂಲು ಹಾಕಿಕೊಂಡು ಕೂತಳು. ಕೈಗೆ ಮುಲಾಮು, ಅದರ ಮೇಲೆ ಹತ್ತಿಯ ಗ್ಲೌಸು. ನಾನೊಮ್ಮೆ ನೋಡಲು ಹೋದಾಗ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. "ಲೇ ಶ್ವೇತಾ, ಮೂಲೆ ತಟ್ಟೆ ನೋಡ್ಲೇ! ಸೊಪ್ಪು ಒದ್ದೆ ಐತೆ ಕಣೇ, ಒಣಗ್ಸು!" ಒಳಗಿನಿಂದ ಶ್ವೇತ, "ಕಾಣಿಸ್ತದೆ ಅತ್ತೆ, ಕಿವಿ ತೂತಾಯ್ತದೆ!" ಎನ್ನುತ್ತಿದ್ದಳು. ನನಗೆ ಭಯ ಕೈಯದ್ದಲ್ಲ, ಇವರಿಬ್ಬರ ಜಗಳದ್ದು.

ಬೆಳೆ ಬಂತು. ರೇಷ್ಮೆ ಗೂಡು ಗಟ್ಟಿಯಾಗಿ, ಬೆಳ್ಳಗೆ, ಚೆನ್ನಾಗಿ ಬಂತು. ಅವರು ಕ್ಲಿನಿಕ್ಕಿಗೆ ಬಂದಾಗ ಮುನಿರತ್ನಮ್ಮನ ಕೈ ನೋಡಿ ನಾನು ಕೂಗಿಕೊಂಡೆ. ಸೀಳು ಕೂಡಿತ್ತು, ಕೆಂಪು ಇಳಿದಿತ್ತು, ಬೆರಳು ಮಡಚುತ್ತಿದ್ದವು. ಅವಳ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ.

"ಬೆಳೆ ಬಂತು ಮೇಡಂ," ಎಂದಳು. "ನನ್ ಕೈ ಇಲ್ದೇನೇ ಬಂತು."

ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡಿತು. ಅಲರ್ಜಿ ಎಂದಾಗ ಅಳದವಳು ಕೈ ವಾಸಿಯಾದ ದಿನ ಅತ್ತಳು.

ಶ್ವೇತ ಸಿಡುಕಿದಳು. "ಏನತ್ತೆ ನೀವು! ಸಾರ್, ನೀವೇ ಕೇಳಿ. ಕೊನೇ ಜ್ವರದಾಗೆ ಅರ್ಧಕ್ಕರ್ಧ ಎದ್ದಿದ್ವು. ನಾನು ಎಲ್ಲಾ ಎದ್ವು ಅಂದ್ಕಂಡು ಸೊಪ್ಪು ತಗಂಡು ಓದೆ. ಇವ್ರು ಬಾಗ್ಲಲ್ಲೇ ಕೂತು, ತಲೆ ನೋಡೇ ತಲೆ, ಇನ್ನಾ ಎದ್ದಿಲ್ಲ ಅಂತ ಬೊಬ್ಬೆ ಒಡೆದ್ರು. ನಂಗೆ ಆ ಕಣ್ಣು ಎಲ್ಲಿಂದ ಬರ್ಬೇಕು? ನಾನೊಬ್ಳೇ ಆಗಿದ್ರೆ ಬೆಳೆ ಎಕ್ಕುಟ್ಟೋಗ್ತಿತ್ತು. ಮುಂದಿನ್ ಬೆಳೆಗೆ ಇವ್ರು ಒಳಗೆ ಬರ್ದಿದ್ರೆ ನಾನೂ ಬರಲ್ಲ, ಅಷ್ಟೇಯ."

ಮುನಿರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯನ್ನೇ ನೋಡಿದಳು. ಆಮೇಲೆ ದೊಡ್ಡ ಡಾಕ್ಟರಿಗೆ, "ಆ ರಬ್ಬರ್ ಗ್ಲೌಸು ಎರಡು ಜೊತೆ ಎಲ್ಲಿ ಸಿಗ್ತದೆ ಸಾಮಿ?" ಎಂದು ಕೇಳಿದಳು. ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಗ್ಲೌಸ್ ಹಾಕಿಕೊಂಡೇ ಹುಳದ ಮನೆಗೆ ಹೋಗುತ್ತಾರೆ. ಆ ಊರಿನಲ್ಲಿ ಉಳಿದವರೂ ನೋಡಿ ಕಲಿತರು. ಕೈಗುಣ ಏನಾಯಿತು ಎಂದು ಯಾರಾದರೂ ಕಿಚಾಯಿಸಿದರೆ, "ಅದು ಕಣ್ಣಾಗೆ ಇತ್ತು ಕಣ್ರೋ, ಕೈಯಾಗೆ ಅಂದ್ಕಂಡಿದ್ದೆ" ಎನ್ನುತ್ತಾಳಂತೆ.

ದೊಡ್ಡ ಡಾಕ್ಟರು ಈಗಿಲ್ಲ. ಅವರ ಮಣ್ಣಿಗೆ ಹೋದಾಗ ಅವರು ಮುಟ್ಟಿ ನೋಡಿದ್ದ ಕೈಗಳೇ ಅಲ್ಲಿ ಎಷ್ಟೋ ಇದ್ದವು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ಆ ಕೈಗಳನ್ನೇ ನೋಡುತ್ತಾ ನಿಂತಿದ್ದೆ.

ನಾನು ನಿವೃತ್ತಳಾಗುವ ಮೊದಲು, ನನ್ನ ಕೊನೆಯ ಕ್ಲಿನಿಕ್ಕಿನ ದಿನ ಮುನಿರತ್ನಮ್ಮ ಬಂದಳು. ರೋಗಿಯಾಗಿ ಅಲ್ಲ, ನನ್ನನ್ನು ನೋಡಲು. "ಓಗ್ತೀರಂತೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ತಿರುಗಿಸಿ ನೋಡಿದಳು. ಸೋಪು, ಸ್ಪಿರಿಟ್ಟು, ಸ್ಯಾನಿಟೈಸರು, ಇಷ್ಟು ವರ್ಷದ ತೊಳೆತ. ಗೆಣ್ಣು ಗೆಣ್ಣಿನಲ್ಲೂ ಸೀಳು, ಕೆಂಪು. ದೊಡ್ಡ ಡಾಕ್ಟರು ಹೇಳಿದಾಗಿನಿಂದ ಅದಕ್ಕೆ ಏನೂ ಮಾಡಿರಲಿಲ್ಲ. ಡ್ಯೂಟಿಯಲ್ಲಿ ಕೈಗೆ ಜಿಡ್ಡು ಹಚ್ಚಿಕೊಂಡರೆ ಹೇಗೆ ಎನ್ನುವುದು ನನ್ನ ನೆವ.

ಮೇಜಿನ ಮೇಲೆ ನಾನು ರೋಗಿಗಳಿಗೆ ಕೊಡುವ ಟ್ಯೂಬುಗಳಿದ್ದವು. ಅವಳು ಒಂದನ್ನು ತೆಗೆದು ಮುಚ್ಚಳ ಒಡೆದಳು.

"ಅಚ್ಚಿಲ್ಲಾಂತ ಆವತ್ತು ನನ್ ಮೇಲೆ ರೇಗಿದ್ರಲ್ಲ ಮೇಡಂ. ಉಳ ಸಾಯ್ತವೆ ಅಂತ ನಾನ್ ಅಚ್ಕಳ್ಳಿಲ್ಲ. ನಿಮ್ದ್ಯಾವ್ ಉಳ ಸಾಯ್ತಿತ್ತು?"

ಹೊರಗೆ ಸಾಲಿನಲ್ಲಿದ್ದವರು ಗಲಾಟೆ ಮಾಡುತ್ತಿದ್ದರು. ಅವಳು ತಲೆ ಎತ್ತದೆ, "ಇರ್ರೀ, ಸಿಸ್ಟರಮ್ಮನ ಕೈ ಜ್ವರಕ್ಕೆ ಕೂತೈತೆ, ಏಳೋಗಂಟ ಕಾಯ್ರಿ" ಎಂದು ಅವರ ಮೇಲೆ ರೇಗಿದಳು. ಆಮೇಲೆ ನನ್ನ ಒಂದೊಂದು ಬೆರಳನ್ನೂ ಹಿಡಿದು ನಿಧಾನವಾಗಿ ಹಚ್ಚುತ್ತಾ ಹೋದಳು. ಅವಳ ಬೆರಳ ತುದಿ ಎಷ್ಟು ಮೆತ್ತಗಿತ್ತು ಅಂತೀರಿ.